ಕುದುರೆ ಡಾಕ್ಟರಮ್ಮನ ರಿವಾಲ್ವರ್

ಮೂವತ್ತೆಂಟು ವರ್ಷ ದುಡಿದ ಆಸ್ಪತ್ರೆಯನ್ನು ಖಾಲಿ ಮಾಡಲು ಡಾಕ್ಟರಮ್ಮನಿಗೆ ಎಂಟೇ ದಿನ ಸಾಕಾಯಿತು. ನಾಯಿಗಳನ್ನು ನಿಲ್ಲಿಸಿ ತೂಗುತ್ತಿದ್ದ ತಕ್ಕಡಿ ಸರಕಾರಿ ಪಶು ಆಸ್ಪತ್ರೆಗೆ ಹೋಯಿತು. ತಗಡು ಹೊದಿಸಿದ ಉದ್ದನೆಯ ಮೇಜನ್ನು ಎದುರು ಸಾಲಿನ ಬಡಗಿ ಕೇಳಿ ತೆಗೆದುಕೊಂಡ. ಬೆಕ್ಕಿನ ಪಂಜರಗಳಲ್ಲಿ ಕೋಳಿ ಸಾಕುತ್ತೇವೆಂದು ಪಕ್ಕದ ಮನೆಯವರು ಹೊತ್ತೊಯ್ದರು. ಗೊರಸು ಕೆತ್ತುವ ಚಾಕು, ಕುದುರೆಯ ಹಲ್ಲು ಉಜ್ಜುವ ಉದ್ದನೆಯ ಅರ, ಬಾಟಲಿ, ಬಕೆಟ್ಟು ಎಲ್ಲವೂ ಒಬ್ಬೊಬ್ಬರ ಹಿಂದೆ ಹೊರಟುಹೋದವು. ಕೊನೆಗೆ ಉಳಿದದ್ದು ಗೋಡೆಗೆ ಬೋಲ್ಟು ಹಾಕಿ ಕೂರಿಸಿದ್ದ ಸಣ್ಣ ಕಬ್ಬಿಣದ ಪೆಟ್ಟಿಗೆ. ಅದರೊಳಗೆ, ಹಳೆಯ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ರಿವಾಲ್ವರ್.

“ಎತ್ತೆಲ್ಲ ಮಾರಿ ಬಾರುಕೋಲು ಇಟ್ಕೊಂಡ ಹಾಗಾಯ್ತು,” ಎಂದರು ಗಂಡ, ಬರಿದಾದ ಕೋಣೆಯ ನಡುವೆ ನಿಂತು.

ಗಂಡನದು ಎರಡು ಬೀದಿ ಆಚೆ ಕನ್ನಡಕದ ಅಂಗಡಿ. ದಿನವಿಡೀ ಗಿರಾಕಿಗಳಿಗೆ ಅಕ್ಷರ ಓದಿಸುವ ಕೆಲಸವಾದ್ದರಿಂದ ಅವರ ಮಾತೂ ಹಾಗೆಯೇ, ಒಂದೊಂದು ಸಾಲು ಹೇಳಿ ಎದುರಿನವರ ಮುಖ ನೋಡುವುದು. ಡಾಕ್ಟರಮ್ಮ ಪೆಟ್ಟಿಗೆಯ ಬೀಗವನ್ನು ಇನ್ನೊಮ್ಮೆ ಎಳೆದು ನೋಡಿ, ಪೊರಕೆ ಹಿಡಿದು ಕೋಣೆ ಗುಡಿಸತೊಡಗಿದರು.

ಊರಿಗೆಲ್ಲ ಅವರು ಕುದುರೆ ಡಾಕ್ಟರಮ್ಮ. ನಿಜ ಹೇಳಬೇಕೆಂದರೆ ಅವರು ನೋಡಿದ್ದು ಹೆಚ್ಚಾಗಿ ನಾಯಿ, ಬೆಕ್ಕು, ಹಸು, ಆಡುಗಳನ್ನೇ. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರ ಸಂತೆಬೀದಿಯಲ್ಲಿ ಒಂದು ಕುದುರೆ ಬೆದರಿ ಓಡಿದಾಗ, ಎಲ್ಲರೂ ಅಂಗಡಿಯೊಳಗೆ ನುಗ್ಗಿದರೆ ಈಕೆ ಒಬ್ಬರೇ ಬೀದಿಯ ನಡುವೆ ನಿಂತು ಅದರ ಲಗಾಮು ಹಿಡಿದಿದ್ದರು. ಹೆಸರು ಅಂದಿನಿಂದ ಅಂಟಿಕೊಂಡಿತು. ಹಿಡಿದದ್ದು ಧೈರ್ಯದಿಂದಲ್ಲ, ಓಡಲು ಕಾಲು ಬರಲಿಲ್ಲ ಎಂದು ಅವರು ಆಮೇಲೆ ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರು ಸೇರಿದ್ದು ದೊಡ್ಡ ಡಾಕ್ಟರ ಕೈಕೆಳಗೆ. ದೊಡ್ಡ ಡಾಕ್ಟರು ಆರಡಿ ಆಳು, ಮಾತು ಕಡಿಮೆ, ಅಂಗಿಯ ಜೇಬಿನಲ್ಲಿ ಯಾವಾಗಲೂ ಬೆಲ್ಲದ ಚೂರು. ಅದು ರೋಗಿಗಳಿಗೆ. ಹೆಣ್ಣು ಡಾಕ್ಟರು ಬಂದ ಹೊಸದರಲ್ಲಿ ಜನ ಬಾಗಿಲಲ್ಲೇ ಅನುಮಾನಿಸುತ್ತಿದ್ದರು. ಒಬ್ಬ ಹಾಲಿನವನು, “ನಮ್ಮ ಹೋರಿ ಸ್ವಲ್ಪ ಒರಟು, ಗಂಡಸರೇ ನೋಡಿದ್ರೆ ಒಳ್ಳೇದು,” ಎಂದ. ದೊಡ್ಡ ಡಾಕ್ಟರು ತಲೆಯೆತ್ತದೆ, “ಹಾಗಾದ್ರೆ ನಿನ್ನ ಹಸುಗಳಿಗೆಲ್ಲ ಇನ್ಮೇಲೆ ಇವರೇ. ಹೋರಿ ಒಂದು, ಹಸು ಹನ್ನೆರಡು. ಲೆಕ್ಕ ನೀನೇ ಹಾಕ್ಕೋ,” ಎಂದರು. ಮರುವಾರ ಹಾಲಿನವನು ಹೋರಿಯನ್ನೂ ಈಕೆಯ ಹತ್ತಿರವೇ ತಂದ.

ಆ ರಿವಾಲ್ವರ್ ದೊಡ್ಡ ಡಾಕ್ಟರದು. ಅವರಿಗೂ ಮೊದಲು ಅವರ ಗುರುಗಳದು. ಆರು ಗುಂಡು ಹಿಡಿಯುವ, ನಡುವೆ ಮಡಚಿ ತೆರೆಯುವ ಹಳೆಯ ಮಾದರಿ. ಮರದ ಹಿಡಿ ಕೈ ಕೈ ತಾಗಿ ನುಣುಪಾಗಿ, ಹೆಬ್ಬೆರಳು ಕೂರುವಲ್ಲಿ ಒಂದು ಗುಳಿ ಬಿದ್ದಿತ್ತು. ಉಳಿಸಲಾಗದಂತೆ ಪೆಟ್ಟಾಗಿ ನೆಲದಲ್ಲಿ ಒದ್ದಾಡುವ ದೊಡ್ಡ ಪ್ರಾಣಿಗೆ ಸೂಜಿ ಚುಚ್ಚಲು ನರ ಸಿಗದು, ಸಿಕ್ಕರೂ ಅಷ್ಟು ಔಷಧ ಆ ಕಾಲದಲ್ಲಿ ಕೈಯಲ್ಲಿ ಇರುತ್ತಿರಲಿಲ್ಲ. ಅಂಥ ಹೊತ್ತಿಗೆಂದು ಅದು. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಅದು ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತು. ಬಂದ ದಿನ ದೊಡ್ಡ ಡಾಕ್ಟರು ಊಟ ಮಾಡುತ್ತಿರಲಿಲ್ಲ.

ಅವರು ಅದನ್ನು ಖಾಲಿ ಮಾಡಿ ಶಿಷ್ಯೆಯ ಕೈಗೆ ಕೊಟ್ಟು ಅಭ್ಯಾಸ ಮಾಡಿಸಿದ್ದರು. ಮರದ ಬಾಗಿಲ ಮೇಲೆ ಸೀಮೆಸುಣ್ಣದಿಂದ ಕುದುರೆಯ ಮುಖ ಬರೆದು, ಎಲ್ಲಿ ಇಡಬೇಕು, ಹೇಗೆ ನಿಲ್ಲಬೇಕು ಎಂದು ತೋರಿಸಿದ್ದರು. “ಉಳಿಸಬಹುದಾ ಅಂತ ಮೂರು ಸಲ ನೋಡಮ್ಮ. ಮೂರು ಸಲವೂ ಇಲ್ಲ ಅನ್ನಿಸಿದ್ರೆ ನಾಲ್ಕನೇ ಸಲ ನೋಡಬೇಡ. ನಾಲ್ಕನೇ ಸಲ ನೋಡೋದು ಪ್ರಾಣಿಗೋಸ್ಕರ ಅಲ್ಲ, ನಮಗೋಸ್ಕರ,” ಎಂದಿದ್ದರು. ನಿವೃತ್ತರಾಗುವಾಗ ಆಸ್ಪತ್ರೆಯ ಜೊತೆಗೆ ಅದನ್ನೂ ಕಾಗದಪತ್ರ ಮಾಡಿಸಿ ಈಕೆಯ ಹೆಸರಿಗೆ ಬರೆಸಿಕೊಟ್ಟರು.

ಡಾಕ್ಟರಮ್ಮ ಅದನ್ನು ಬಳಸಿದ್ದು ಜೀವಮಾನದಲ್ಲಿ ಒಂದೇ ಸಲ.

ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಬೇಸಿಗೆಯ ಮಧ್ಯಾಹ್ನ. ಸೇತುವೆಯ ಇಳಿಜಾರಿನಲ್ಲಿ ಮಂಜುಗಡ್ಡೆ ಸಾಗಿಸುವ ಗಾಡಿಯ ಗಾಲಿ ಕಳಚಿ, ಗಾಡಿ ಕುದುರೆಯ ಮೇಲೆಯೇ ಬಿತ್ತು. ಯಾರೋ ಸೈಕಲ್ಲಿನಲ್ಲಿ ಓಡಿಬಂದು ಕರೆದರು. ಡಾಕ್ಟರಮ್ಮ ಚೀಲದ ಜೊತೆಗೆ ಆ ಫ್ಲಾನೆಲ್ ಗಂಟನ್ನೂ ತೆಗೆದುಕೊಂಡು ಹೋದರು. ಇಳಿಜಾರಿನ ತುಂಬ ಮಂಜುಗಡ್ಡೆಯ ಚೂರುಗಳು ಬಿಸಿಲಿಗೆ ಕರಗುತ್ತಿದ್ದವು. ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ಕಂದು ಬಣ್ಣದ ಹೆಣ್ಣು ಕುದುರೆ. ಹೆಸರು ಚುಕ್ಕಿ. ಮುಂಗಾಲು ಎರಡೂ ಮುರಿದು, ಗಾಡಿಯ ಮರದಡಿ ಸಿಕ್ಕಿ ಒದ್ದಾಡುತ್ತಿತ್ತು. ಅದರ ಯಜಮಾನನನ್ನು ಊರೆಲ್ಲ ಗಾಡಿಯಣ್ಣ ಎನ್ನುತ್ತಿತ್ತು. ಅವನು ಅದರ ಕುತ್ತಿಗೆ ತಬ್ಬಿ ಕೂತಿದ್ದ.

ಡಾಕ್ಟರಮ್ಮ ಮೂರು ಸಲ ನೋಡಿದರು.

ಆಮೇಲೆ ಗಾಡಿಯಣ್ಣನಿಗೆ, “ಅಣ್ಣಾ, ಒಂದು ಬಕೆಟ್ ನೀರು ತನ್ನಿ,” ಎಂದರು. ಅವನು ಎದ್ದು ಹೋದ. ಸೇತುವೆಯ ಕೆಳಗಿನ ನಲ್ಲಿಯಿಂದ ನೀರು ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಾಡಿಯಣ್ಣ ಬಕೆಟ್ ಕೆಳಗಿಟ್ಟ. ಡಾಕ್ಟರಮ್ಮನನ್ನು ಒಮ್ಮೆ ನೋಡಿದ. ಹೆಗಲ ಮೇಲಿನ ಟವೆಲನ್ನು ನೀರಿನಲ್ಲಿ ಅದ್ದಿ ಕುದುರೆಯ ಮುಖ ಒರೆಸಿದ, ನಿಧಾನವಾಗಿ, ಕಣ್ಣಿನ ಮೂಲೆ, ಮೂಗಿನ ಹೊಳ್ಳೆ ಎಲ್ಲವನ್ನೂ. ಒಂದು ಮಾತೂ ಆಡಲಿಲ್ಲ.

ಅಂದಿನಿಂದ ಇಂದಿನವರೆಗೂ ಆಡಿರಲಿಲ್ಲ. ಬೀದಿಯಲ್ಲಿ ಡಾಕ್ಟರಮ್ಮ ಎದುರು ಬಂದರೆ ಗಾಡಿಯಣ್ಣ ಆಚೆ ಬದಿಗೆ ದಾಟಿಬಿಡುತ್ತಿದ್ದ. ಅವನು ಮತ್ತೆ ಕುದುರೆ ಕೊಳ್ಳಲೂ ಇಲ್ಲ. ಸೈಕಲ್ಲಿಗೆ ಪಂಕ್ಚರ್ ಹಾಕುವ ಅಂಗಡಿ ಇಟ್ಟುಕೊಂಡ. ಡಾಕ್ಟರಮ್ಮನೂ ಅವನ ಅಂಗಡಿಯ ಬೀದಿಯನ್ನು ಬಿಟ್ಟು ಸುತ್ತಿ ಬಳಸಿ ಹೋಗುವುದನ್ನು ಅಭ್ಯಾಸ ಮಾಡಿಕೊಂಡರು. ಆದರೆ ರಿವಾಲ್ವರನ್ನು ಮಾತ್ರ ತಿಂಗಳಿಗೊಮ್ಮೆ ತೆಗೆದು ಎಣ್ಣೆ ಹಾಕಿ ಒರೆಸಿಡುತ್ತಿದ್ದರು. ಚುನಾವಣೆ ಬಂದಾಗಲೆಲ್ಲ ನಿಯಮದಂತೆ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಪೊಲೀಸ್ ಠಾಣೆಗೆ ಒಪ್ಪಿಸಿ ಬರುತ್ತಿದ್ದರು. “ಅಮ್ಮಾವ್ರ ಕೂಸು ಬಂತು, ಜೋಪಾನವಾಗಿ ಮಲಗಿಸ್ರಪ್ಪ,” ಎಂದು ಠಾಣೆಯ ಬರಹಗಾರ ನಗುತ್ತಿದ್ದ.

ಆಸ್ಪತ್ರೆ ಮುಚ್ಚಿದ ಸುದ್ದಿ ಹೇಗೋ ಪಕ್ಕದ ಊರಿನ ಹಲ್ಲಿನ ಡಾಕ್ಟರಿಗೆ ಮುಟ್ಟಿತು. ಅವರಿಗೆ ಹಳೆಯ ಬಂದೂಕುಗಳನ್ನು ಕೂಡಿಡುವ ಹುಚ್ಚು. ಫೋನು ಮಾಡಿ, ಒಂದು ಭಾನುವಾರ ಬೆಳಿಗ್ಗೆ ಬಂದೇಬಿಟ್ಟರು. ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಸಾಲು ಹಲ್ಲು. ಬಿಳಿ ಕೈಗವಸು ತೊಟ್ಟು, ಗುಂಡಿಲ್ಲವೆಂದು ಎರಡು ಸಲ ಖಚಿತ ಮಾಡಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಹಿಡಿಯ ಕೆಳಗಿನ ಅಂಕಿಯನ್ನು ಭೂತಗನ್ನಡಿಯಲ್ಲಿ ಓದಿ, ಇನ್ನೊಮ್ಮೆ ಓದಿದರು.

“ಅಮ್ಮಾ, ಇದು ಏನು ಅಂತ ನಿಮಗೆ ಗೊತ್ತಾ? ಈ ಮಾದರೀಲಿ ಮಾಡಿದ್ದೇ ಕೆಲವು ನೂರು. ಈಗ ಕೆಲಸ ಮಾಡೋ ಸ್ಥಿತಿಯಲ್ಲಿ ಇರೋದನ್ನ ನಾನು ಇದೇ ಮೊದಲು ನೋಡ್ತಿರೋದು.”

“ಎಣ್ಣೆ ಹಾಕ್ತಿದ್ದೆ,” ಎಂದರು ಡಾಕ್ಟರಮ್ಮ.

ಹಲ್ಲಿನ ಡಾಕ್ಟರು ಹೇಳಿದ ಬೆಲೆ ಕೇಳಿ ಗಂಡ ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರು ಹಾಗೆ ಮಾಡುವುದು ಕಡಿಮೆ. “ಜೊತೆಗೆ ಒಂದು ಕಾಗದ ಬೇಕಾಗುತ್ತೆ,” ಎಂದರು ಹಲ್ಲಿನ ಡಾಕ್ಟರು. “ಯಾರ ಕೈಲಿತ್ತು, ಯಾವ ಯುದ್ಧಕ್ಕೆ ಹೋಗಿತ್ತು, ಯಾವ ಅಧಿಕಾರಿದು, ಹೀಗೆ. ಕಥೆ ಇಲ್ಲದ ಬಂದೂಕು ಬರೀ ಕಬ್ಬಿಣ. ಕಥೆ ಇದ್ರೆ ಅದರ ಗತ್ತೇ ಬೇರೆ. ಮುಂದಿನ ಶನಿವಾರ ಬರ್ತೀನಿ, ಯೋಚನೆ ಮಾಡಿ ಹೇಳಿ.”

ಯೋಚನೆ ಮಾಡುವುದು ಹೇಳಿದಷ್ಟು ಸುಲಭವಾಗಲಿಲ್ಲ. ಡಾಕ್ಟರಮ್ಮನಿಗೆ ಅದು ಬಿಸಿ ತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಮೊದಲು ಸರಕಾರಿ ಪಶು ಆಸ್ಪತ್ರೆಗೆ ಹೋದರು. ಅಲ್ಲಿನ ಹೊಸ ವೈದ್ಯೆ ಒಂದು ಆಡಿನ ಹೊಟ್ಟೆ ತಟ್ಟಿ ನೋಡುತ್ತಿದ್ದವಳು ಕೈ ತೊಳೆದು ಬಂದು ಕೂತಳು. ವಿಷಯ ಕೇಳಿ ಮೆಲ್ಲಗೆ ತಲೆಯಾಡಿಸಿದಳು.

“ನಂಗೆ ಬೇಡ ಮೇಡಂ. ಈಗ ಮೊದಲು ಮಂಪರು ಬರೋ ಸೂಜಿ ಮಾಂಸಕ್ಕೇ ಚುಚ್ಚಿಬಿಡ್ತೀವಿ. ಪ್ರಾಣಿ ಸುಮ್ಮನಾದ ಮೇಲೆ ಉಳಿದದ್ದು. ಅದರ ಅಗತ್ಯವೇ ಬರಲ್ಲ.”

“ಒಳ್ಳೇದಾಯ್ತು ಬಿಡು,” ಎಂದರು ಡಾಕ್ಟರಮ್ಮ. ನಿಜವಾಗಿಯೂ ಒಳ್ಳೆಯದೇ ಅನ್ನಿಸಿತು. ಆದರೂ ಹೊರಗೆ ಬರುವಾಗ, ತಮ್ಮ ಇಡೀ ಕಾಲವೇ ಬಾಗಿಲಿನಾಚೆ ನಿಂತ ಹಾಗೆ ಎದೆಯಲ್ಲಿ ಸಣ್ಣದೊಂದು ಖಾಲಿತನ. ಅಂದರೆ ರಿವಾಲ್ವರ್ ಇನ್ನು ಮೇಲೆ ಉಪಕರಣವಲ್ಲ. ಮನೆಯಲ್ಲಿಟ್ಟುಕೊಂಡರೆ ಒಂದು ಬಂದೂಕು, ಅಷ್ಟೇ.

ಬುಧವಾರ ಅದಕ್ಕೆ ಎಣ್ಣೆ ಹಾಕಲು ಕೂತರು. ಇನ್ನೂ ತಿಂಗಳಾಗಿರಲಿಲ್ಲ. ಹಿಡಿಯ ಗುಳಿಯಲ್ಲಿ ಹೆಬ್ಬೆರಳಿಟ್ಟರೆ ಅದು ಅವರ ಬೆರಳಿಗೆ ಅಗಲವಾಯಿತು. ಅದು ದೊಡ್ಡ ಡಾಕ್ಟರ ಬೆರಳಿನ ಅಳತೆ. ಮಾರಿಬಿಟ್ಟರೆ ಅವರನ್ನೇ ಮಾರಿದ ಹಾಗಲ್ಲವೇ? ಇಟ್ಟುಕೊಂಡರೆ ಯಾವುದಕ್ಕೆ? ಊಟದ ಹೊತ್ತಿಗೆ ಮನೆಗೆ ಬಂದ ಗಂಡ ಬಾಗಿಲಲ್ಲೇ ನಿಂತರು.

“ಏನೇ, ಊಟಕ್ಕೆ ಕರೀತೀಯೋ, ಶರಣಾಗು ಅಂತೀಯೋ?”

ಡಾಕ್ಟರಮ್ಮ ನಗಲಿಲ್ಲ. “ರೀ, ನೀವಾದ್ರೂ ಹೇಳಿ. ಕೊಟ್ಟುಬಿಡ್ಲಾ, ಬೇಡ್ವಾ?”

ಗಂಡ ಕುರ್ಚಿ ಎಳೆದುಕೊಂಡು ಕೂತರು. “ಬೆಲೆ ಚೆನ್ನಾಗಿದೆ ಅಂತ ನಾನು ಹೇಳಬಹುದು. ಆದರೆ ನಿನ್ನ ತೊಡಕು ಬೆಲೆದಲ್ಲ.”

“ಮತ್ತೆ?”

“ಗಾಡಿಯಣ್ಣಂದು.”

ಡಾಕ್ಟರಮ್ಮ ಒರೆಸುವುದನ್ನು ನಿಲ್ಲಿಸಿದರು. “ಇದನ್ನ ಮಾರಿ ಹಣ ತಗೊಂಡ್ರೆ ಅವನು ಏನಂದುಕೊಳ್ತಾನೆ? ನನ್ನ ಕುದುರೆ ಕೊಂದ ಕೋವೀಲೂ ಕಾಸು ಮಾಡಿಕೊಂಡಳು ಅನ್ನಲ್ವಾ?” ಎಂದರು.

“ಅವನು ಹಾಗಂದನಾ?”

“ಅವನು ಮಾತಾಡಿದ್ರೆ ತಾನೇ?”

“ಅದೇ ನಾನು ಹೇಳೋದು. ಇಪ್ಪತ್ತೆರಡು ವರ್ಷದಿಂದ ಅವನ ಮಾತನ್ನೂ ನೀನೇ ಆಡ್ತಾ ಬಂದಿದ್ದೀಯ. ಒಂದ್ಸಲ ಅವನ ಬಾಯಿಂದಲೇ ಕೇಳಿ ಬಾ. ಬೈದ್ರೆ ಬೈಸಿಕೊಂಡು ಬಾ.”

ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಡಾಕ್ಟರಮ್ಮ ಪಂಕ್ಚರ್ ಅಂಗಡಿಯ ಮುಂದೆ ನಿಂತಿದ್ದರು. ಎರಡು ಹಲಗೆ, ಮೇಲೊಂದು ತಗಡು, ನೇತುಹಾಕಿದ ಟೈರುಗಳ ಸಾಲು. ಗಾಡಿಯಣ್ಣ ಟ್ಯೂಬೊಂದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಲೆಯೆತ್ತಿ ನೋಡಿದವನು ಏಳಲು ಹೋದ. ಆದರೆ ತನ್ನದೇ ಅಂಗಡಿ ಬಿಟ್ಟು ಎಲ್ಲಿಗೆ ಹೋಗುತ್ತಾನೆ? ಹಾಗೇ ಕೂತ.

“ಅಣ್ಣಾ, ನಿಮ್ಮ ಹತ್ರ ಒಂದು ಮಾತಾಡಬೇಕಿತ್ತು.”

ಗಾಡಿಯಣ್ಣ ಒಂದು ಮುಕ್ಕಾಲಿಯನ್ನು ಚಿಂದಿಯಿಂದ ಒರೆಸಿ ಮುಂದೆ ತಳ್ಳಿದ. ಡಾಕ್ಟರಮ್ಮ ಕೂತು, ಸುತ್ತಿ ಬಳಸದೆ ಹೇಳಿದರು. ಆಸ್ಪತ್ರೆ ಮುಚ್ಚಿದ್ದು, ಹಲ್ಲಿನ ಡಾಕ್ಟರು ಬಂದದ್ದು, ಬೆಲೆ ಹೇಳಿದ್ದು. “ಅದು ಚುಕ್ಕಿಯ ಮೇಲೆ ಬಳಸಿದ ರಿವಾಲ್ವರ್. ನಿಮ್ಮನ್ನ ಕೇಳದೆ ಏನೂ ಮಾಡೋಕೆ ನನಗೆ ಮನಸ್ಸು ಬರ್ಲಿಲ್ಲ. ನಿಮಗೆ ನನ್ನ ಮೇಲೆ ಸಿಟ್ಟಿದೆ ಅಂತ ಗೊತ್ತು.”

ಗಾಡಿಯಣ್ಣ ಟ್ಯೂಬನ್ನು ನೀರಿನೊಳಗೆ ತಿರುಗಿಸುತ್ತಲೇ ಇದ್ದ.

“ನೀರು ತನ್ನಿ ಅಂದಿರಿ ನೀವು,” ಎಂದ ಕೊನೆಗೆ.

“ಹೌದು ಅಣ್ಣಾ. ನಿಮ್ಮನ್ನ ಅಲ್ಲಿಂದ ಕಳಿಸಬೇಕಿತ್ತು. ಸುಳ್ಳು ಹೇಳಿದೆ.”

“ನಂಗೆ ಗೊತ್ತಿತ್ತು.”

ಡಾಕ್ಟರಮ್ಮ ಅವನ ಮುಖ ನೋಡಿದರು.

“ಗಾಡೀಲಿದ್ದ ಮಂಜುಗಡ್ಡೆ ಎಲ್ಲ ಕರಗಿ ರಸ್ತೆ ತುಂಬ ನೀರು ಹರೀತಿತ್ತು ಅಮ್ಮಾ. ನನ್ನ ಕಾಲೆಲ್ಲ ತಣ್ಣಗೆ ನೆನೆದುಹೋಗಿತ್ತು. ಅಷ್ಟು ನೀರಿನ ನಡುವೆ ಕೂತಿದ್ದವನಿಗೆ ನೀರು ತನ್ನಿ ಅಂದಿರಿ. ಯಾತಕ್ಕೆ ಅಂತ ಮಗುವಿಗೂ ತಿಳಿಯುತ್ತೆ. ತಿಳಿದೂ ನಾನು ಎದ್ದು ಹೋದೆ.” ಅವನು ಟ್ಯೂಬನ್ನು ಕೈಬಿಟ್ಟ. “ಹದಿನಾಲ್ಕು ವರ್ಷ ನನ್ನ ಜೊತೆ ಇತ್ತು. ನಾನು ಎದ್ದಾಗ ನನ್ನೇ ನೋಡ್ತಿತ್ತು. ನಾನು ಬೆನ್ನು ತಿರುಗಿಸಿದೆ. ನಲ್ಲಿ ಹತ್ರ ಬಕೆಟ್ ತುಂಬಿ ಚೆಲ್ಲಿಹೋಗ್ತಿದ್ರೂ ಅಲ್ಲೇ ನಿಂತಿದ್ದೆ, ಸದ್ದು ಕೇಳೋವರೆಗೂ. ಸಿಟ್ಟು ನಿಮ್ಮ ಮೇಲಲ್ಲ ಅಮ್ಮಾ. ನಿಮ್ಮನ್ನ ಕಂಡ್ರೆ ನನಗೆ ಆ ನಲ್ಲಿ ನೆನಪಾಗೋದು. ಯಾವ ಮುಖ ಇಟ್ಕೊಂಡು ನಿಮ್ಮೆದುರು ಬರಲಿ?”

ಬೀದಿಯಲ್ಲಿ ಯಾರೋ ಬೆಲ್ಲು ಹೊಡೆಯುತ್ತ ಹೋದರು. ಡಾಕ್ಟರಮ್ಮ ಮುಕ್ಕಾಲಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ಇಷ್ಟು ವರ್ಷ ತಾವು ಈ ಬೀದಿ ತಪ್ಪಿಸಿದ್ದು, ಅವನು ತಾವಿದ್ದ ಬದಿ ತಪ್ಪಿಸಿದ್ದು. ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡೇ ಮುದುಕರಾಗಿದ್ದರು.

“ಒಂದು ವಿಷಯ ನೀವು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ,” ಎಂದರು ಮೆಲ್ಲಗೆ. “ನೀವು ಹೋದ ಮೇಲೆ ಅದು ತಲೆ ಎತ್ತಿ ಹುಡುಕ್ತು. ಒದ್ದಾಟ ಜಾಸ್ತಿ ಆಯ್ತು. ನೀವು ಗಾಡಿ ಹೊಡೀವಾಗ ನಾಲಿಗೇಲಿ ಒಂದು ಸದ್ದು ಮಾಡ್ತಿದ್ರಲ್ಲ, ನಮ್ಮ ಆಸ್ಪತ್ರೆ ಮುಂದೆ ದಿನಾ ಕೇಳ್ತಿದ್ದೆ. ಅದನ್ನ ಮಾಡಿದೆ. ಕಿವಿ ಎರಡೂ ಮುಂದಕ್ಕೆ ಮಾಡಿಕೊಂಡು ಸುಮ್ಮನಾಯ್ತು. ಹಣೆ ಸವರಿದೆ. ಆಮೇಲೆ ಅದಕ್ಕೆ ಏನೂ ಗೊತ್ತಾಗಲಿಲ್ಲ. ನೀವು ಅಲ್ಲೇ ಇದ್ದೀರಿ ಅಂತಲೇ ಅಂದುಕೊಂಡು ಹೋಯ್ತು.”

ಗಾಡಿಯಣ್ಣ ಒದ್ದೆ ಕೈಯನ್ನು ಚಿಂದಿಗೆ ಒರೆಸಿಕೊಂಡ. ಆಮೇಲೆ, “ಯಾವ ಸದ್ದು?” ಎಂದ.

“ಅದೇ ರೀ ಅಣ್ಣಾ.”

“ಮಾಡಿ ನೋಡೋಣ.”

ಅರವತ್ತಮೂರು ವರ್ಷದ ಡಾಕ್ಟರಮ್ಮ ಪಂಕ್ಚರ್ ಅಂಗಡಿಯ ಮುಕ್ಕಾಲಿಯ ಮೇಲೆ ಕೂತು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಎರಡು ಸಲ ಟಕ್ ಟಕ್ ಎನ್ನಿಸಿದರು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು ತಿರುಗಿ ನೋಡಿದರು.

“ಅಯ್ಯೋ, ಹಾಗಲ್ಲ ಅದು,” ಎಂದ ಗಾಡಿಯಣ್ಣ. ಅವನ ಮುಖದಲ್ಲಿ ನಗು ಬಂದಿತ್ತು. “ನೀವು ಮಾಡಿದ್ದು ನಿಲ್ಲು ಅಂತ ಅಲ್ಲ, ಹೊರಡು ಅಂತ. ನಿಲ್ಲೋದಕ್ಕೆ ಬೇರೆ.” ದವಡೆಯ ಒಂದು ಬದಿಯಿಂದ ಉದ್ದಕ್ಕೆ ಎಳೆದು ಮಾಡಿ ತೋರಿಸಿದ. ಡಾಕ್ಟರಮ್ಮ ಪ್ರಯತ್ನಿಸಿದರು, ಬರಲಿಲ್ಲ. ಹಲ್ಲು ಕಟ್ಟಿಸಿಕೊಂಡ ಮೇಲೆ ಆ ಸದ್ದು ಬರುವುದಿಲ್ಲ ಎಂದು ಅವನು ಸಮಾಧಾನ ಹೇಳಿದ. ಇಬ್ಬರೂ ಕಣ್ಣೊರೆಸಿಕೊಂಡರು. ನಗುವಿನ ನೆಪ ಸಿಕ್ಕಿತ್ತು.

“ರಿವಾಲ್ವರ್ ವಿಷಯ ಹೇಳಲಿಲ್ಲ ನೀವು,” ಎಂದರು ಹೊರಡುವಾಗ.

“ಅದರಲ್ಲಿ ನಾನೇನು ಹೇಳೋದು? ಕಬ್ಬಿಣದ ಸಾಮಾನು. ಒಳ್ಳೆ ಬೆಲೆ ಬಂದ್ರೆ ಕೊಡಿ, ಇಲ್ಲಾಂದ್ರೆ ತುಕ್ಕು ಹಿಡಿಯುತ್ತೆ.” ತೊಟ್ಟಿಯಿಂದ ಟ್ಯೂಬ್ ಎತ್ತಿದ. “ಆದ್ರೆ ಅದು ಏನು ಮಾಡ್ತು ಅಂತ ಕೇಳಿದ್ರೆ ನಿಜಾನೇ ಹೇಳಿ.”

ಶುಕ್ರವಾರ ಇಡೀ ಮಧ್ಯಾಹ್ನ ಡಾಕ್ಟರಮ್ಮ ಬರೆಯಲು ಕೂತರು. ಔಷಧದ ಚೀಟಿ ಬಿಟ್ಟರೆ ಬೇರೇನೂ ಬರೆದು ಅಭ್ಯಾಸವಿಲ್ಲದ ಕೈ. ನಾಲ್ಕು ಹಾಳೆ ಹರಿದು ಐದನೆಯದರಲ್ಲಿ ಅರ್ಧ ಪುಟ ನಿಂತಿತು. ಇದು ಮೂವರು ಪಶುವೈದ್ಯರ ಕೈಯಲ್ಲಿತ್ತು. ನನಗೆ ಗೊತ್ತಿದ್ದಂತೆ ಯಾವ ಯುದ್ಧಕ್ಕೂ ಹೋಗಲಿಲ್ಲ. ಯಾವ ಮನುಷ್ಯನ ಕಡೆಗೂ ತಿರುಗಲಿಲ್ಲ. ಉಳಿಸಲು ಸಾಧ್ಯವೇ ಇಲ್ಲದ ಪ್ರಾಣಿಗಳ ನೋವನ್ನು ಬೇಗ ಮುಗಿಸಲು ಬಳಸಿದ್ದು. ಕೊನೆಯ ಸಲ ಬಳಸಿದ್ದು ಚುಕ್ಕಿ ಎಂಬ ಕುದುರೆಗೆ. ಕೆಳಗೆ ಸಹಿ.

ಶನಿವಾರ ಹಲ್ಲಿನ ಡಾಕ್ಟರು ಆ ಅರ್ಧ ಪುಟವನ್ನು ಓದಿ ಸಪ್ಪಗಾದರು. “ಒಬ್ಬ ಅಧಿಕಾರಿ ಹೆಸರು ಕೂಡ ಇಲ್ವಾ ಅಮ್ಮಾ? ದೊಡ್ಡ ಡಾಕ್ಟರ ಗುರುಗಳಾದ್ರೂ ಸೇನೆಯಲ್ಲಿದ್ರೇನೋ. ಇದ್ದಿರಬಹುದು ಅಂತ ಒಂದು ಸಾಲು ಹಾಕಿದ್ರೂ ಸಾಕು. ಬೆಲೆ ಇನ್ನೂ ಏರಿಸ್ತೀನಿ.”

“ಗೊತ್ತಿಲ್ಲದ್ದನ್ನ ನಾನು ಬರೆಯಲ್ಲ,” ಎಂದರು ಡಾಕ್ಟರಮ್ಮ. “ಈ ಕಾಗದ ಅದರ ಪಕ್ಕದಲ್ಲೇ ಇರಬೇಕು. ಅದಕ್ಕೆ ಒಪ್ಪಿದ್ರೆ ಕೊಡ್ತೀನಿ. ಬೆಲೆ ಸ್ವಲ್ಪ ಇಳಿಸಿ ಬೇಕಾದ್ರೆ.”

ಪಕ್ಕದಲ್ಲಿ ಕೂತಿದ್ದ ಗಂಡ ಕೆಮ್ಮಿದರು. ಹಲ್ಲಿನ ಡಾಕ್ಟರು ಕಾಗದವನ್ನು ಇನ್ನೊಮ್ಮೆ ಓದಿದರು. ಈ ಸಲ ನಿಧಾನವಾಗಿ. ಓದಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. “ಇಳಿಸೋದೇನೂ ಬೇಡ ಬಿಡಿ. ನಮ್ಮ ಕಸುಬಿನಲ್ಲೂ ಜನ ಹಲ್ಲು ಉಳಿಸಿ ಅಂತಲೇ ಬರೋದು. ಕೀಳಲೇಬೇಕಾದಾಗ ಕೈ ನಡುಗಬಾರದು, ಅಷ್ಟೇ.”

ಸೋಮವಾರ ಠಾಣೆಯಲ್ಲಿ ಕಾಗದಪತ್ರದ ಕೆಲಸ. ಹಲ್ಲಿನ ಡಾಕ್ಟರ ಪರವಾನಗಿ ನೋಡಿ, ಅಂಕಿ ತಾಳೆಹಾಕಿ, ನಾಲ್ಕು ಕಡೆ ಸಹಿ ಮಾಡಿಸಿ, ಬರಹಗಾರ ಡಾಕ್ಟರಮ್ಮನ ಹಳೆಯ ಪರವಾನಗಿಯ ಮೇಲೆ ದಪ್ಪನೆಯ ಮುದ್ರೆ ಒತ್ತಿದ. ಅದರ ಅಂಚುಗಳು ಸವೆದು ಬಟ್ಟೆಯಂತಾಗಿದ್ದವು. “ಕೂಸನ್ನ ಗಂಡನ ಮನೆಗೆ ಕಳಿಸಿಬಿಟ್ರಾ ಅಮ್ಮಾ?” ಎಂದ.

“ವಯಸ್ಸಾಗಿತ್ತಪ್ಪ, ಇನ್ನೆಷ್ಟು ದಿನ ಮನೇಲಿ ಇಟ್ಕೊಳ್ಳೋದು,” ಎಂದರು ಡಾಕ್ಟರಮ್ಮ.

ಹಣದಲ್ಲಿ ಹೆಚ್ಚಿನ ಪಾಲು ಸರಕಾರಿ ಪಶು ಆಸ್ಪತ್ರೆಗೆ ಹೋಯಿತು. ಬಿದ್ದ ದೊಡ್ಡ ಪ್ರಾಣಿಯ ಹೊಟ್ಟೆಯಡಿ ಪಟ್ಟಿ ತೂರಿಸಿ ಸರಪಳಿಯಿಂದ ಎತ್ತಿ ನಿಲ್ಲಿಸುವ ಸಲಕರಣೆಯೊಂದು ಅಲ್ಲಿ ಇರಲಿಲ್ಲ. ಹೊಸ ವೈದ್ಯೆ ಎರಡು ವರ್ಷದಿಂದ ಮೇಲಿನವರಿಗೆ ಬರೆದೂ ಬರೆದೂ ಸೋತಿದ್ದಳು. ತಿಂಗಳೊಳಗೆ ಅದು ಬಂತು. ಸರಪಳಿಗೆ ಎಣ್ಣೆ ಹಾಕುವುದು ಹೇಗೆಂದು ತೋರಿಸುವ ನೆಪದಲ್ಲಿ ಡಾಕ್ಟರಮ್ಮ ವಾರಕ್ಕೆರಡು ಬೆಳಿಗ್ಗೆ ಅಲ್ಲಿಗೆ ಹೋಗತೊಡಗಿದರು. ಮೊದಲು ಅರ್ಧ ಗಂಟೆ, ಆಮೇಲೆ ಒಂದು ಗಂಟೆ.

“ನಿವೃತ್ತಿ ಅಂದ್ರೆ ಕೆಲಸ ಬಿಡೋದು ಅಂತ ನಾನು ತಿಳಿದಿದ್ದೆ,” ಎಂದರು ಗಂಡ, ಒಂದು ದಿನ ಊಟಕ್ಕೆ ಕಾದು ಕಾದು.

“ಸಂಬಳ ಬಿಡೋದು ರೀ,” ಎಂದು ಡಾಕ್ಟರಮ್ಮ ಕೈ ತೊಳೆಯಲು ಹೋದರು. ಅವರ ಸೀರೆಯ ಅಂಚಿಗೆ ಹುಲ್ಲು ಮೆತ್ತಿಕೊಂಡಿತ್ತು. ಆ ಬೆಳಿಗ್ಗೆ ಕೆಸರಿನಲ್ಲಿ ಜಾರಿಬಿದ್ದ ಒಂದು ಹಸುವನ್ನು ನಾಲ್ಕು ಜನ ಸೇರಿ ಎತ್ತಿ ನಿಲ್ಲಿಸಿದ್ದರು. ನಿಂತದ್ದೇ ತಡ, ಅದು ಹೊಸ ವೈದ್ಯೆಯ ಟೋಪಿಯನ್ನು ಬಾಯಿಗೆ ಹಾಕಿಕೊಂಡಿತಂತೆ. ಅದನ್ನು ಗಂಡನಿಗೆ ಹೇಳುತ್ತ ಹೇಳುತ್ತಲೇ ಅವರು ತಟ್ಟೆ ಹಾಕಿದರು.